ಬೀಗರಿಗೆ ಊರು ತೋರಿಸುವುದು

ಮನೆಗೆ ಬಂದ ಅತಿಥಿಗೆ ಉಣಬಡಿಸುವುದು ಗೃಹಸ್ಥನ ಧರ್ಮವೆಂದು ನಮ್ಮ ಹಿರಿಯರು ಹೇಳಿರುವರು. ಆದರೆ ಅವನಿಗೆ ಊರು ತೋರಿಸುವುದೂ ಆ ಧರ್ಮದ ಒಂದು ಅಂಗವೆಂದು ಯಾರೂ ವಿಧಿಸಿದಂತೆ ಕಾಣೆನು. ವಿಜಯಪುರದ ನೆರೆಯಲ್ಲಿ ಮನೆಮಾಡಿಕೊಂಡವನಿಗೆ ಮಾತ್ರ ಈ ಎರಡನೆಯ ಕರ್ತವ್ಯವು ತಪ್ಪಿದ್ದಲ್ಲ. ಜೈನಾಪುರದ ನಮ್ಮ ಮನೆಗೆ ಯಾರೇ ಬರಲಿ, ಕೈಕಾಲು ತೊಳೆದು ಚಹದ ಬಟ್ಟಲನ್ನು ಕೆಳಗಿಡುವುದರೊಳಗಾಗಿ, "ಗೋಳಗುಮ್ಮಟಕ್ಕೆ ಯಾವಾಗ ಹೋಗುವುದು?" ಎಂದು ಕೇಳದೆ ಇರುವುದಿಲ್ಲ. ಹೋಗುವರು, ಒಂದು ತಾಸು ಗುಮ್ಮಟದೊಳಗೆ ನಿಂತು ಕೂಗುವರು, ಹೊರಗೆ ಬಂದು ಎಲ್ಲಿಯೋ ಪೂರಿ-ಪಲ್ಯ ತಿನ್ನುವರು, ತಮ್ಮ ಊರು ಸೇರಿದ ಮೇಲೆ, "ವಿಜಾಪುರದಲ್ಲಿ ಧೂಳು ಬಹಳ" ಎಂದು ಸಾರುವರು. ಇವರಿಗೆ ಊರು ಕಂಡಿತೆಂದು ನಾನು ಒಪ್ಪಲಾರೆನು.

ಇದರಲ್ಲಿ ನಮ್ಮವರ ಪಾಲೂ ಉಂಟು. ದಕ್ಷಿಣದವರು ಬಂದರೆಂದರೆ ನಮಗೆ ಒಂದು ಬಗೆಯ ಸಂಕೋಚ ಆವರಿಸುವುದು. ನಾವು ದಿನವೂ ಉಣ್ಣುವ ಜೋಳದ ರೊಟ್ಟಿಯನ್ನು ಮರೆಗೆ ಸರಿಸಿ, ಅನ್ನ-ಸಾರು, ಪೂರಿ, ಪನೀರಿನ ಪದಾರ್ಥ ಇವನ್ನು ಮುಂದೆ ತರುವೆವು. ಅತಿಥಿಯು ತನ್ನ ಮನೆಯಲ್ಲಿಯೇ ಇದಕ್ಕಿಂತ ಒಳ್ಳೆಯ ಅನ್ನವನ್ನು ಉಂಡಿರುತ್ತಾನೆ. ಹೀಗೆ ನಮ್ಮದನ್ನು ಕಾಣದೆ, ತನ್ನದನ್ನು ಕೆಟ್ಟ ರೂಪದಲ್ಲಿ ಕಂಡು, ಅವನು ಹಿಂದಿರುಗುವನು.

ಈ ಮಾತು ನನಗೆ ಹೋದ ಚಳಿಗಾಲದಲ್ಲಿ ಬಹಳವಾಗಿ ತಟ್ಟಿತು. ನನ್ನ ಮಗಳನ್ನು ಮೈಸೂರಿನ ಕಡೆಗೆ ಕೊಟ್ಟಿರುವೆನು. ಮನೆತನ ಒಳ್ಳೆಯದು, ಅಳಿಯನು ಸುಶೀಲ. ಮದುವೆಯಾಗಿ ಐದು ತಿಂಗಳಾದ ಮೇಲೆ ಬೀಗರೂ ಬೀಗಿತ್ತಿಯವರೂ ಮೊದಲ ಸಲ ನಮ್ಮಲ್ಲಿಗೆ ಬರುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಮಗಳು ದೂರವಾಣಿಯಲ್ಲಿ, "ಅಪ್ಪಾ, ಅವರಿಗೆ ಅನ್ನಾನೇ ಮಾಡಸ್ರಿ. ರೊಟ್ಟಿ ಬ್ಯಾಡ. ರೊಟ್ಟಿ ಬಡಿಯೋ ಸಪ್ಪಳಾ ಕೇಳಿದ್ರ ಅವರಿಗೆ ನಗು ಬರತೈತಿ," ಎಂದಳು. "ನೀ ಅಲ್ಲಿ ಏನ್ ಉಣ್ತೀಯವ್ವಾ?" ಎಂದು ಕೇಳಿದೆನು. ಅವಳು ಬೇರೆ ಮಾತು ತೆಗೆದಳು.

ಆ ರಾತ್ರಿ ನಾನೂ ನಮ್ಮ ಮನೆಯವರೂ ಕುಳಿತು ಆಲೋಚಿಸಿ, ರೊಟ್ಟಿಯನ್ನೇ ಮಾಡುವುದೆಂದು ಗೊತ್ತುಮಾಡಿದೆವು. ಬೀಗರು ನಕ್ಕರೆ ನಗಲಿ. ತಮ್ಮ ಸೊಸೆ ಯಾವ ಕಾಳಿನಿಂದ ಬೆಳೆದವಳು ಎಂಬುದು ಅವರಿಗೆ ತಿಳಿಯಬೇಕಲ್ಲವೆ?

ನಮ್ಮ ಬಿಳಿಜೋಳವು ಎರೆಭೂಮಿಯ ಹಿಂಗಾರಿ ಬೆಳೆ. ಬಿತ್ತಿದ ಮೇಲೆ ಮಳೆಯನ್ನು ಹೆಚ್ಚಾಗಿ ಬೇಡದೆ, ಕರಿಯ ಮಣ್ಣು ಹಿಡಿದಿಟ್ಟ ಹಸಿಯಲ್ಲಿಯೇ ತೆನೆ ಕಟ್ಟುವುದು. ಡೋಣಿ ಹೊಳೆಯ ಬಯಲಿನ ಜೋಳಕ್ಕೆ ಮೊದಲಿನಿಂದಲೂ ಹೆಸರು. ಮಾಲದಂಡಿ ಎಂಬ ತಳಿಯ ಹಿಟ್ಟು ರೊಟ್ಟಿಗೆ ಉತ್ತಮವೆನ್ನುವರು. ಗೋದಿಯ ಹಿಟ್ಟಿಗಿರುವ ಜಿಗುಟು ಇದಕ್ಕಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಒಂದಾಗುವುದು. ಲಟ್ಟಣಿಗೆ ಇಲ್ಲದೆ ಅಂಗೈಯಿಂದ ಬಡಿಬಡಿದೇ ಅದನ್ನು ಹಿಗ್ಗಿಸಬೇಕು. ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಕೆಂಡಕ್ಕೆ ಒಡ್ಡಿದರೆ ಅದು ಪೂರಿಯಂತೆ ಉಬ್ಬುವುದು. ಜೊತೆಗೆ ಎಣ್ಣೆಗಾಯಿ, ಝುಣಕ, ಮಡಕಿಕಾಳಿನ ಪಲ್ಯ, ಶೇಂಗಾ ಮತ್ತು ಗುರೆಳ್ಳಿನ ಚಟ್ನಿಗಳು, ಕೆಂಪು ಖಾರ, ಕೆನೆಮೊಸರು; ಎಲೆಯ ಬದಿಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತೆಯ ಸೊಪ್ಪು. ಸಿಹಿಗೆ ಶೇಂಗಾ ಹೋಳಿಗೆ.

ಬೀಗರು ಎಲೆಯ ಮುಂದೆ ಕುಳಿತು, "ಇದನ್ನು ಮುರಿದು ತಿನ್ನಬೇಕೋ, ನೆನೆಸಿ ತಿನ್ನಬೇಕೋ, ಬೀಗರೇ?" ಎಂದು ವಿನಯದಿಂದ ಕೇಳಿದರು. ಮೆತ್ತಗಿನ ಬಿಸಿರೊಟ್ಟಿಯನ್ನು ಪಲ್ಯದೊಡನೆ, ಕಟಕರೊಟ್ಟಿಯನ್ನು ಮೊಸರಿನೊಡನೆ ಎಂದು ವಿವರಿಸಿದೆನು. ಒಂದೂವರೆ ರೊಟ್ಟಿ ಉಂಡು, ಎರಡು ತಂಬಿಗೆ ನೀರು ಕುಡಿದರು. ಬೀಗಿತ್ತಿಯವರು ಹೋಳಿಗೆಯನ್ನು ಮೆಚ್ಚಿದರು. ರೊಟ್ಟಿಯ ವಿಷಯದಲ್ಲಿ ಏನನ್ನೂ ಆಡಲಿಲ್ಲ.

ಮರುದಿನ ನಸುಕಿನಲ್ಲಿಯೇ ಎಲ್ಲರನ್ನೂ ಹೊರಡಿಸಿದೆನು. ವಾಚಕರು ಇದೊಂದನ್ನು ನೆನಪಿನಲ್ಲಿಡಬೇಕು: ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಶಾಲೆಯ ಮಕ್ಕಳ ತಂಡಗಳು ಬಂದ ಮೇಲೆ ಅಲ್ಲಿ ಗದ್ದಲವಲ್ಲದೆ ಬೇರೇನೂ ಕೇಳಿಸದು. ಮಹಮ್ಮದ ಆದಿಲಶಾಹನು (ಆಳಿದ್ದು 1627ರಿಂದ 1656) ತನಗಾಗಿ ಕಟ್ಟಿಸಿದ ಈ ಸಮಾಧಿಯ ಒಳಅಂಗಳವು 18,000 ಚದರಡಿಗೆ ಮಿಕ್ಕಿದ್ದು. ನಡುವೆ ಒಂದು ಕಂಬವೂ ಇಲ್ಲ. ಹೊರಗಿನಿಂದ 144 ಅಡಿ ವ್ಯಾಸವಿರುವ ಗುಮ್ಮಟದ ಭಾರವನ್ನು ಒಂದನ್ನೊಂದು ಕತ್ತರಿಸುವ ಕಮಾನುಗಳು ಹೊತ್ತು ಗೋಡೆಗೆ ಒಪ್ಪಿಸಿರುವುವು. ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟುಮೂಲೆಯ ಗೋಪುರಗಳುಂಟು. ಮೇಲಕ್ಕೆ ಹೋಗುವ ಮೆಟ್ಟಿಲು ಅವುಗಳೊಳಗೇ ಇರುವುದು. ಆ ಮೆಟ್ಟಿಲುಗಳು ಕಿರಿದು, ಕಡಿದಾದುವು. ಮೊಣಕಾಲು ನೋವಿರುವವರನ್ನು ಒತ್ತಾಯಿಸಿ ಹತ್ತಿಸುವ ಆತಿಥ್ಯವು ಆತಿಥ್ಯವಲ್ಲ. ಬೀಗಿತ್ತಿಯವರೂ ನಮ್ಮ ಮನೆಯವರೂ ಕೆಳಗೇ ಉಳಿದರು. ಅಂಥವರಿಗೆ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವು ಸಾಕಷ್ಟು ಕಾಲಕ್ಷೇಪವನ್ನೊದಗಿಸುವುದು. ಶುಕ್ರವಾರ ಮಾತ್ರ ಅದಕ್ಕೆ ಬಿಡುವು.

ನಾನೂ ಬೀಗರೂ ನಿಧಾನವಾಗಿ ಏರಿ, ಗುಮ್ಮಟದ ಒಳಸುತ್ತಿನ ಪಿಸುಮಾತಿನ ಜಗಲಿಯನ್ನು ಸೇರಿದೆವು. ಕೂಗಿದರೆ ಮಾತು ಏಳೆಂಟು ಸಲ ಮರುಕೊಳಿಸುವುದೆಂದು ಎಲ್ಲರೂ ಬಲ್ಲರು. ಆದರೆ ಕೂಗುವುದಲ್ಲ, ಪಿಸುಗುಟ್ಟುವುದೇ ಅಲ್ಲಿಯ ಸೊಗಸು. ಅವರನ್ನು ಒಂದು ಬದಿಗೆ ಗೋಡೆಯತ್ತ ಮುಖಮಾಡಿ ನಿಲ್ಲಿಸಿ, ನಾನು ಸುತ್ತುಹಾಕಿ ಎದುರು ಬದಿಗೆ ಹೋಗಿ ಗೋಡೆಗೆ ಕಿವಿಯಿಟ್ಟೆನು. ನಡುವೆ ನೂರಡಿಗೂ ಮೀರಿದ ಬಯಲು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕಲ್ಲೇ ಮಾತಾಡಿದಂತೆ, "ಊಟ ಚೆನ್ನಾಗಿತ್ತು ಬೀಗರೇ, ಖಾರ ಮಾತ್ರ ಸ್ವಲ್ಪ ಹೆಚ್ಚಾಯಿತು," ಎಂದು ಕೇಳಿಸಿತು. ನಾನು ನಕ್ಕೆನು, ನಗೆಯೂ ಅವರಿಗೆ ಮುಟ್ಟಿರಬೇಕು. ಮತ್ತೆ ಸ್ವಲ್ಪ ತಡೆದು, ಇನ್ನೂ ಮೆಲ್ಲನೆ: "ಮಗು ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡುತ್ತಿಲ್ಲ. ಕೇಳಿದರೆ ಸಾಕು ಸಾಕು ಎನ್ನುತ್ತಾಳೆ. ನಮಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ."

ಎದುರೆದುರು ಕುಳಿತು ಆಡಲಾಗದ ಮಾತನ್ನು ಆ ಸಜ್ಜನರು ಗೋಡೆಯ ಕೈಯಲ್ಲಿ ಕೊಟ್ಟು ಕಳಿಸಿದ್ದರು. ನಾನು ಗೋಡೆಗೆ ಬಾಯಿಟ್ಟು, "ಅವಳಿಗೆ ದಿನಕ್ಕೊಂದು ರೊಟ್ಟಿ ಬೇಕು, ಬೀಗರೇ, ಕೇಳಲು ನಾಚಿಕೆ," ಎಂದೆನು. ಅಷ್ಟರಲ್ಲಿ ಮಕ್ಕಳ ಹಿಂಡೊಂದು ಮೇಲೇರಿ ಬಂದು ಸಿಳ್ಳುಹಾಕತೊಡಗಿತು. ನಮ್ಮ ಸಂಭಾಷಣೆ ಅಲ್ಲಿಗೆ ನಿಂತಿತು. ಕೆಳಗಿಳಿಯುವಾಗ ಇಬ್ಬರೂ ಅದರ ಪ್ರಸ್ತಾಪ ಮಾಡಲಿಲ್ಲ.

ಆಮೇಲೆ ಜುಮ್ಮಾ ಮಸೀದೆ. ಒಂದನೆಯ ಅಲಿ ಆದಿಲಶಾಹನು ಆರಂಭಿಸಿದ್ದು. ಮುಂದಿನ ಎರಡು ಮಿನಾರುಗಳು ಪೂರ್ತಿಯಾಗಲೇ ಇಲ್ಲ. ಬಿಸಿಲೇರಿದ ಹೊತ್ತಿನಲ್ಲಿ ಅದರ ಕಮಾನುಗಳ ನೆರಳಷ್ಟು ತಂಪಾದ ಎಡೆಯನ್ನು ನಾನು ಈ ಊರಲ್ಲಿ ಅರಿಯೆನು. ಅಲ್ಲಿಂದ ಊಟಕ್ಕೆ. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಬಣ್ಣದ ದೀಪದ ಹೋಟೆಲುಗಳನ್ನು ಬಿಟ್ಟು, ಒಳಗೆ ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ ಬೀದಿಗೆ ಕೇಳಿಸುವ ಖಾನಾವಳಿಯನ್ನೇ ಹುಡುಕಿರಿ. ಬೀಗಿತ್ತಿಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ಬಡಿತವನ್ನು ಬಹಳ ಹೊತ್ತು ನೋಡಿದರು. ನಗಲಿಲ್ಲ.

ತಾಜಬಾವಡಿಯನ್ನು ಎರಡನೆಯ ಇಬ್ರಾಹಿಮನ ಕಾಲದಲ್ಲಿ ಅವನ ರಾಣಿ ತಾಜಸುಲ್ತಾನೆಯ ಹೆಸರಿನಲ್ಲಿ ಕಟ್ಟಿದರು. ಅದನ್ನು ತೋರಿಸದೆ ಅತಿಥಿಯನ್ನು ಕಳಿಸಬಾರದು. ಇದು ನೀರಿಗಾಗಿ ತಪಿಸಿದ ಊರು. ತೊರವಿಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಬೇಗಂ ತಲಾಬವನ್ನು ಕಟ್ಟಿ ಮಣ್ಣಿನ ಕೊಳವೆಗಳಿಂದ ನೀರು ತಂದರು. ಕೊಳವೆಗಳು ಒತ್ತಡಕ್ಕೆ ಒಡೆಯದಂತೆ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು. ದಾರಿಹೋಕರು ಅವನ್ನು ಹಾಳು ಬುರುಜುಗಳೆಂದು ತಿಳಿದು ಮುಂದೆ ಸಾಗುವರು.

ಸಂಜೆಯ ಬಿಸಿಲನ್ನು ಇಬ್ರಾಹಿಂ ರೋಜಾಕ್ಕೆ ಮೀಸಲಿಡಬೇಕು. ತಾಜಮಹಲಿಗೆ ಇದೇ ಸ್ಫೂರ್ತಿ ಎಂದು ಮಾರ್ಗದರ್ಶಕರು ಹೇಳುವರು. ಆಗ್ರೆಯ ಹೆಸರು ಹೇಳಿ ಇದಕ್ಕೆ ಬೆಲೆ ಕಟ್ಟಬೇಕಾದ ಅವಶ್ಯಕತೆಯಿಲ್ಲ. ಒಂದೇ ಕಟ್ಟೆಯ ಮೇಲೆ ಸಮಾಧಿಯೂ ಮಸೀದೆಯೂ ಎದುರುಬದಿರಾಗಿ, ನಡುವೆ ಒಂದು ಕೊಳ. ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರಗಳಾಗಿ ಕೊರೆದಿರುವರು. ಒಳಕ್ಕೆ ಬರುವ ಬೆಳಕು ಆ ಬರಹದ ನಡುವಿನಿಂದಲೇ ಬರಬೇಕು. ಗೋಳಗುಮ್ಮಟವು ಬೆರಗುಗೊಳಿಸುವುದು, ಇದು ಕೂತುಕೊಳ್ಳಿರೆನ್ನುವುದು. ಇಲ್ಲಿ ಮಲಗಿದ ಅರಸನು ಕಿತಾಬ್-ಎ-ನೌರಸ್ ಎಂಬ ತನ್ನ ಗೀತಗ್ರಂಥವನ್ನು ಸರಸ್ವತಿಯ ಸ್ತುತಿಯಿಂದ ಆರಂಭಿಸಿದನೆಂದು ಹೇಳಿದಾಗ ಬೀಗರು ಬಹಳ ಸಂತೋಷಪಟ್ಟರು.

ಮಲಿಕ್-ಎ-ಮೈದಾನ ತೋಪನ್ನೂ ಉಪ್ಪಲಿ ಬುರುಜನ್ನೂ ದಾರಿಯಲ್ಲಿ ಕಂಡೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿ ಸಿಂಹದ ಬಾಯಿ. ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಬಾರಾಕಮಾನಿಗೆ ಮುಸ್ಸಂಜೆಯೇ ತಕ್ಕ ಕಾಲ. ಎರಡನೆಯ ಅಲಿಯ ಪೂರ್ತಿಯಾಗದ ಸಮಾಧಿಯದು; ಛಾವಣಿಯಿಲ್ಲದ ಕಮಾನುಗಳ ಮೇಲೆ ಆಕಾಶವೇ ಇಳಿದಿರುವುದು. ಹೊರಗೆ ಬಂದು ಗಿರಮಿಟ್ಟು, ಮಿರ್ಚಿಭಜಿ. ಖಾರದ ಬಗ್ಗೆ ದೂರಿದ್ದ ಬೀಗರು ಎರಡು ಮಿರ್ಚಿಯನ್ನು ತಾವಾಗಿಯೇ ಬೇಡಿ ತಿಂದರು.

ಇನ್ನೊಂದು ದಿನವಿದ್ದವರು ತೊರವಿಯ ನರಸಿಂಹನನ್ನೂ, ಅಲ್ಲಿಯೇ ಪಾಳುಬಿದ್ದ ನೌರಸಪುರವನ್ನೂ ನೋಡಬೇಕು. ನಮಗೆ ಅಷ್ಟು ಸಮಯವಿರಲಿಲ್ಲ. ಮರುದಿನ ತಿಕೋಟೆಯ ದ್ರಾಕ್ಷಿಯ ತೋಟವೊಂದಕ್ಕೆ ಹೋದೆವು. ಬರದ ವರ್ಷಗಳಲ್ಲಿ ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡ ರೈತರ ಸೀಮೆಯಿದು. ಹಣ್ಣು ಇನ್ನೂ ಹುಳಿಯಾಗಿತ್ತು. ಹಿಂದಿನ ವರ್ಷದ ಒಣದ್ರಾಕ್ಷಿಯನ್ನು ಎರಡು ಕಿಲೋ ಕಟ್ಟಿಸಿಕೊಂಡರು.

ಹೊರಡುವ ಮುನ್ನ ಬಜಾರದಲ್ಲಿ ಬೀಗಿತ್ತಿಯವರು ಒಂದು ಅಂಗಡಿಯ ಮುಂದೆ ನಿಂತು, "ಆ ಕಬ್ಬಿಣದ ಹಂಚಿಗೆ ಎಷ್ಟು?" ಎಂದು ಕೇಳಿದರು. ಹಂಚನ್ನೂ ಐದು ಕಿಲೋ ಜೋಳದ ಹಿಟ್ಟನ್ನೂ ಕೊಂಡರು. ಹಣವನ್ನು ನನಗೆ ಕೊಡಗೊಡಲಿಲ್ಲ. ರೈಲು ನಿಲ್ದಾಣದಲ್ಲಿ ಹಂಚನ್ನು ವರ್ತಮಾನ ಪತ್ರಿಕೆಯಲ್ಲಿ ಸುತ್ತಿ ಆಸನದ ಕೆಳಗಿಟ್ಟೆವು. ನಮ್ಮ ಮನೆಯವರು ಕಿಟಕಿಯ ಹೊರಗೆ ನಿಂತು ಹೇಳುತ್ತಲೇ ಇದ್ದರು:

"ಹೊಸಾ ಹಂಚು ಐತಿ, ಬೀಗತಿಯರ. ಎಣ್ಣಿ ಸವರಿ ಎರಡು ದಿನಾ ಕಾಯಿಸ್ರಿ. ನೀರು ಕುದ್ದ ಮ್ಯಾಲೇನ ಹಿಟ್ಟು ನಾದಬೇಕ್ರಿ. ಮೊದಲನೇ ರೊಟ್ಟಿ ಸರಿಯಾಗಂಗಿಲ್ಲ, ದನಕ್ಕ ಹಾಕಿಬಿಡ್ರಿ."

"ಮೈಸೂರಿನ ಮಹಡಿಯ ಮನೆಗೆ ದನ ಎಲ್ಲಿಂದ ತರಲಿ?" ಎಂದು ಬೀಗಿತ್ತಿಯವರು ಕೇಳಿದರು. "ಮೊದಲನೆಯದನ್ನು ನಮ್ಮ ಯಜಮಾನರಿಗೇ ಬಡಿಸುತ್ತೇನೆ."