ಬಣ್ಣ ಕಡೆಯ ಕೆಲಸ

ಹಳೆಯ ವಸ್ತುವನ್ನು ಉಳಿಸುವುದೆಂದರೆ ಅದಕ್ಕೆ ಹೊಸ ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸುವುದೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಟಿ.ಬಿ. ಡ್ಯಾಂನಲ್ಲಿ ಪರಿಚಿತ ಸದ್ಗೃಹಸ್ಥರೊಬ್ಬರು ಸೇನೆಯಿಂದ ಹರಾಜಾಗಿ ಬಂದ ‘ಶಕ್ತಿಮಾನ್’ ಲಾರಿಯೊಂದನ್ನು ಜೀರ್ಣೋದ್ಧಾರ ಮಾಡಿಸುತ್ತಿರುವುದನ್ನು ಕಂಡ ಬಳಿಕ ನಮ್ಮಲ್ಲಿ ಮೂಡಿದ ವಿಚಾರವನ್ನು ವಾಚಕರಲ್ಲಿ ಬಿನ್ನವಿಸುತ್ತೇವೆ.

ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1959ರಲ್ಲಿ ಜಬಲ್ಪುರದಲ್ಲಿ ಈ ಲಾರಿಗಳ ತಯಾರಿಕೆ ಆರಂಭವಾಯಿತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಸಲ್ಲುತ್ತದೆ. ಆದ್ದರಿಂದಲೇ ನೆಟ್ಟನೆಯ ರಸ್ತೆಯಿಲ್ಲದ ಗಡಿಗಳಲ್ಲಿ ಯೋಧರ ಅನ್ನವನ್ನೂ ಮದ್ದುಗುಂಡನ್ನೂ ಹೊತ್ತು ಇವು ದಶಕಗಳ ಕಾಲ ದುಡಿದವು.

ಲಾರಿಗೆ ಬಣ್ಣ ಎಂದು ಹಚ್ಚುವಿರೆಂದು ನಾವು ಕೇಳಿದಾಗ ಮೇಸ್ತ್ರಿ, “ಮೊದ್ಲು ಗಾಡಿ ನಿಲ್ಲೋದು ಖಾತ್ರಿ ಆಗ್ಲಿ ಸ್ವಾಮೇರ, ಓಡೋದು ಆಮ್ಯಾಲೆ, ಬಣ್ಣ ಕಡೀಗೆ” ಎಂದನು. ಬಹುಕಾಲ ನಿಂತ ವಾಹನದಲ್ಲಿ ಬ್ರೇಕಿನ ರಬ್ಬರು ಬಿರಿದಿರುತ್ತದೆ. ಡೀಸೆಲ್ ಟ್ಯಾಂಕಿನೊಳಗಿನ ತುಕ್ಕು ಉದುರಿ ಫಿಲ್ಟರನ್ನು ಕಟ್ಟುತ್ತದೆ. ತಂತಿಗಳ ಹೊದಿಕೆ ಪುಡಿಯಾಗಿ ಬೆಂಕಿಯ ಭಯವೂ ಉಂಟು. ಇವಾವುವೂ ನೋಡುವವರ ಕಣ್ಣಿಗೆ ಬೀಳವು. ಹಳೆಯ ಬಣ್ಣವನ್ನಾದರೂ ಅವನು ಒಮ್ಮೆಗೇ ಕೆರೆಯಲಿಲ್ಲ. ಒಂದು ಮೂಲೆಯಲ್ಲಿ ಮೆಲ್ಲಗೆ ಉಜ್ಜಿ, ಪದರದ ಕೆಳಗಿನ ಪದರವನ್ನು ನೋಡಿದನು. ಲಾರಿಯ ಪೂರ್ವಚರಿತ್ರೆ ಅಲ್ಲಿಯೇ ಅಡಗಿರುತ್ತದೆ.

ಕಾಣದ ಭಾಗದ ಬೆಲೆಯನ್ನು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ನದಿಯ ಪಾಲಾಗುತ್ತಿರಲು, ಭತ್ತದ ರೈತರ ಎದೆ ಒಡೆಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು. ಅಷ್ಟು ದೊಡ್ಡ ಅಣೆಕಟ್ಟಿನ ಭಾಗ್ಯ ಒಂದು ಸರಪಳಿಯ ಕೊಂಡಿಯಲ್ಲಿತ್ತು.

ಶರಣ ನುಲಿಯ ಚಂದಯ್ಯನವರ ಕಾಯಕ ಹಗ್ಗ ಹೊಸೆಯುವುದು. ಹಗ್ಗದ ಬಲ ಒಳಗಿನ ಎಳೆಗಳ ಹುರಿಯಲ್ಲಿರುತ್ತದೆ. ಮೇಲಿನ ಹೊಳಪಿನಿಂದ ಬಾವಿಯ ಕೊಡ ಮೇಲೇರದು. ಯಾರೂ ನೋಡದ ಎಳೆಯನ್ನೂ ಸತ್ಯಶುದ್ಧವಾಗಿ ಹೊಸೆಯುವುದೇ ಕಾಯಕವೆಂದು ನಾವು ತಿಳಿದಿದ್ದೇವೆ. ಗ್ರೀಸು ಮೆತ್ತಿದ ಕೈಯಿಂದ ಲಾರಿಯ ಅಡಿಯಲ್ಲಿ ಮಲಗಿದ್ದ ಆ ಮೇಸ್ತ್ರಿಯೂ ಇದೇ ಪರಂಪರೆಯವನು.

ತಮ್ಮ ಮನೆಗಳಲ್ಲಿಯೂ ಹಿರಿಯರ ಪಂಪ್‌ಸೆಟ್ಟು, ಗಡಿಯಾರ, ಹೊಲಿಗೆ ಯಂತ್ರಗಳು ಇರಬಹುದು. ಅವುಗಳ ಧೂಳೊರೆಸಿ ಪೂಜಿಸಿದರೆ ಸಾಲದು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಎಣ್ಣೆಯೂಡಿ, ನಡೆಸಿರಿ. ಬದಲಿಸಿದ ಭಾಗವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಆ ಕೆಲಸದಲ್ಲಿ ಮಕ್ಕಳನ್ನೂ ಜೊತೆಗೆ ಕೂಡಿಸಿಕೊಳ್ಳಿರಿ. ಯಂತ್ರದೊಡನೆ ಅದನ್ನು ಕಾಯುವ ಕೈಯೂ ಉಳಿಯಬೇಕಷ್ಟೆ.