ಶಿರಾಡಿಯ ಕತ್ತಲಲ್ಲಿ ಒಂದು ತಾಮ್ರದ ಪಟ್ಟಿ

ಜುಲೈ ತಿಂಗಳು, ರಾತ್ರಿ 2 ಗಂಟೆ. ಮಾರನಹಳ್ಳಿ ದಾಟಿ ಘಾಟಿ ಇಳಿಯುತ್ತಿದ್ದೆವು. ತಲೆಯ ಮೇಲೆ ಬಿಟ್ಟೂಬಿಡದ ಮಳೆ, ಪ್ರಪಾತದಲ್ಲಿ ಕೆಂಪುಹೊಳೆಯ ಮೊರೆತ, ಬೆನ್ನಿಗೆ ಪಣಂಬೂರು ಬಂದರಿಗೆ ಹೊರಟ 15 ಟನ್ ಕಾಫಿ. ತಿರುವಿನಲ್ಲಿ ಸ್ಟಿಯರಿಂಗ್ ಎಳೆದೆ ಅಷ್ಟೆ, ಪಕ್ಕನೆ ಹೆಡ್‌ಲೈಟ್ ಆರಿತು. ವೈಪರ್ ಗಾಜಿನ ನಡುವೆಯೇ ನಿಂತಿತು. ಮೀಟರುಗಳೆಲ್ಲ ಕಪ್ಪು.

ಗಾಡಿ ಮಾತ್ರ ಉರುಳುತ್ತಲೇ ಇತ್ತು. ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್. ಒಮ್ಮೆ ಸ್ಟಾರ್ಟ್ ಆದರೆ ಅದಕ್ಕೆ ಕರೆಂಟಿನ ಹಂಗಿಲ್ಲ. ಏರ್ ಬ್ರೇಕಿಗೂ ಇಲ್ಲ. ನಾವಿಬ್ಬರೂ ಬದುಕಿದ್ದು ಅದರಿಂದಲೇ. ಮಿಂಚು ಹೊಳೆಯಿತು. ತಡೆಗೋಡೆ ಬಂಪರಿನಿಂದ ಒಂದೇ ಮಾರು! ಪೆಡಲ್ ತುಳಿದೆ. ಹತ್ತು ಚಕ್ರಗಳೂ ನೀರಿನಲ್ಲಿ ಜಾರಿ, ನರಳಿ, ನಿಂತವು.

‘ಲೋ, ಚಕ್ರಕ್ಕೆ ಕಲ್ಲು ಕೊಡು! ಸೊಪ್ಪು ಮುರಿದು ರಸ್ತೆಗೆ ಹಾಕು, ಓಡು!’

ಕ್ಲೀನರ್ ಹುಡುಗ ಮಳೆಗೆ ಹಾರಿದ. ಹಿಂದಿನಿಂದ ಯಾವ ಗಳಿಗೆಯಲ್ಲಾದರೂ ಬಸ್ಸು ಬಂದೀತು.

ಈ ಕಾಯಿಲೆ ಮೂರು ವಾರದ್ದು. ಎರಡು ಗ್ಯಾರೇಜು ಸುತ್ತಿ ಬ್ಯಾಟರಿ ಬದಲಿಸಿದ್ದೆ, ಆಲ್ಟರ್ನೇಟರ್ ಬಿಚ್ಚಿಸಿದ್ದೆ, ಫ್ಯೂಸುಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದೆ. ಗ್ಯಾರೇಜಿನ ಸಮತಟ್ಟಾದ ಅಂಗಳದಲ್ಲಿ ಎಲ್ಲವೂ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದಾಗೆಲ್ಲ ಟೆಂಪರೇಚರ್ ಮೀಟರಿನ ಮುಳ್ಳು ಅದರ ತಾಳಕ್ಕೇ ಕುಣಿಯುವುದನ್ನು ಕಂಡಿದ್ದೆ. ಅದರ ಅರ್ಥ ಹೊಳೆದಿರಲಿಲ್ಲ.

‘ಅಣ್ಣಾ, ಹಿಂದಿನ ಲೈಟು ಉರೀತಾ ಇದೆ!’ ಕತ್ತಲಿನಿಂದ ಕೂಗು ಬಂತು.

ಮೈ ಜುಮ್ಮೆಂದಿತು. ಮುಂದೆ ಕತ್ತಲು, ಹಿಂದೆ ಬೆಳಕು! ಹಿಂದಿನ ಲೈಟಿಗೆ ಕರೆಂಟು ಹೋಗುವುದು ಕ್ಯಾಬಿನ್ನಿನ ಸ್ವಿಚ್ಚಿನಿಂದಲೇ. ಅಂದರೆ ಬ್ಯಾಟರಿಯ ಪ್ಲಸ್ ಕ್ಯಾಬಿನ್ನಿಗೆ ಬರುತ್ತಿದೆ. ಹಿಂದಿನ ಲೈಟಿನ ಅರ್ತ್ ಚಾಸಿಗೆ. ಹೆಡ್‌ಲೈಟ್, ವೈಪರ್, ಮೀಟರುಗಳ ಅರ್ತ್ ಕ್ಯಾಬಿನ್ನಿಗೆ. ಕರೆಂಟು ಮರಳುವ ದಾರಿ ಆ ಎರಡರ ನಡುವೆ ಕಡಿದಿದೆ.

ಬಾಯಲ್ಲಿ ಟಾರ್ಚ್ ಕಚ್ಚಿ, ಮಲ್ಟಿಮೀಟರ್ ಹಿಡಿದು ಬ್ಯಾಟರಿ ಪೆಟ್ಟಿಗೆಗೆ ಓಡಿದೆ. ಇಂಜಿನ್ ಓಡುತ್ತಿದ್ದಂತೆ ಎರಡು ಬ್ಯಾಟರಿ ಸೇರಿ 27 ವೋಲ್ಟ್, ಚಾರ್ಜ್ ಸರಿ ಇದೆ. ಹೆಡ್‌ಲೈಟ್ ಸ್ವಿಚ್ ಹಾಕಿಯೇ ಇತ್ತು. ಒಂದು ಕಡ್ಡಿ ಮೈನಸ್ಸಿಗೆ, ಇನ್ನೊಂದು ಚಾಸಿಗೆ: 0.1. ಸರಿ. ಆ ಕಡ್ಡಿಯನ್ನೇ ಕ್ಯಾಬಿನ್ನಿನ ಲೋಹಕ್ಕೆ ಒತ್ತಿದೆ: 21! ಅರ್ಧ ವೋಲ್ಟ್ ದಾಟಬಾರದ ಜಾಗ ಅದು.

ಕ್ಯಾಬಿನ್ ಎತ್ತುವಂತಿಲ್ಲ. ಇಳಿಜಾರಿನಲ್ಲಿ ಮುಂದಕ್ಕೆ ಬಾಗಿದ ಕ್ಯಾಬಿನ್ ಕೈಗೆ ಸಿಗುವುದಿಲ್ಲ. ಇಂಜಿನ್ ನಿಲ್ಲಿಸುವ ಧೈರ್ಯವೂ ಬರಲಿಲ್ಲ, ಮತ್ತೆ ಸೆಲ್ಫ್ ಹೊಡೆಯದಿದ್ದರೆ? ಗುಡುಗುಡು ನಡುಗುವ ಇಂಜಿನ್ ಪಕ್ಕ, ಕೆಸರು ಹರಿಯುವ ರಸ್ತೆಯ ಮೇಲೆ ಅಂಗಾತ ಮಲಗಿ ಒಳಗೆ ತೆವಳಿದೆ. ಬೆನ್ನಿನಡಿ ನೀರು ಕೊರೆಯುತ್ತಿತ್ತು.

ಅಲ್ಲಿತ್ತು. ಚಾಸಿಯನ್ನೂ ಕ್ಯಾಬಿನ್ನನ್ನೂ ಜೋಡಿಸುವ, ಹೆಣೆದ ತಾಮ್ರದ ಪಟ್ಟಿ. ಬೆರಳಷ್ಟು ಅಗಲ. ಮೇಲೆ ಗ್ರೀಸು, ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು. ಬೆರಳಲ್ಲಿ ಮೀಟಿದೆ. ಎಳೆಗಳು ಕಡಿದುಹೋಗಿ, ತುದಿಗಳು ಒಂದಕ್ಕೊಂದು ತಾಗಿಯೂ ತಾಗದಂತಿದ್ದವು. ಸಮತಟ್ಟಿನಲ್ಲಿ ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಹಿಂದಕ್ಕೆ ಕೂರುತ್ತದೆ, ಎಳೆಗಳು ಸೇರುತ್ತವೆ. ಘಾಟಿಯಲ್ಲಿ ಮುಂದಕ್ಕೆ ವಾಲುತ್ತದೆ, ಅಗಲುತ್ತವೆ. ಗ್ಯಾರೇಜಿನವರು ಹುಡುಕಿದ್ದು ಕಾಯಿಲೆಯೇ ಇಲ್ಲದ ಹೊತ್ತಿನಲ್ಲಿ.

‘ಜಂಪರ್ ಕೇಬಲ್ ಕೊಡೋ!’

ಒಂದು ಕ್ಲಿಪ್ಪು ಚಾಸಿಯ ಬೋಲ್ಟಿಗೆ ಕಚ್ಚಿಸಿದೆ. ಇನ್ನೊಂದನ್ನು ಕ್ಯಾಬಿನ್ ಬ್ರಾಕೆಟ್ಟಿಗೆ ತಾಗಿಸಿದ ಕೂಡಲೇ ಚಟ್ ಎಂದು ಕಿಡಿ ಹಾರಿತು. ಮಳೆಯ ಹನಿಹನಿಯೂ ಕಾಣುವಂಥ ಬೆಳಕು ರಸ್ತೆಗೆ ಚೆಲ್ಲಿತು. ವೈಪರ್ ಗಾಜು ಒರೆಸತೊಡಗಿತು. ಹುಡುಗ ಅಳುತ್ತಿದ್ದ. ನಾನೂ.

ಕೇಬಲ್ಲನ್ನು ಹಗ್ಗದಿಂದ ಬಿಗಿದು, ಎರಡನೇ ಗೇರಿನಲ್ಲೇ ಗುಂಡ್ಯಕ್ಕೆ ಇಳಿದೆವು. ಬೆಳಗ್ಗೆ ನೆಲ್ಯಾಡಿಯಲ್ಲಿ ಬೋಲ್ಟಿನ ಬುಡ ಉಜ್ಜಿ, ಹೊಸ ಪಟ್ಟಿ ಹಾಕಿ, 17 ನಂಬರ್ ಸ್ಪಾನರಿನಲ್ಲಿ ನಾನೇ ಬಿಗಿದೆ.

ಗಾಡಿ ಓಡಿಸುವ ಅಣ್ಣತಮ್ಮಂದಿರೇ, ಈ ಮಳೆಗಾಲ ಘಾಟಿಗೆ ಇಳಿಯುವ ಮುಂಚೆ ಕ್ಯಾಬಿನ್ ಕೆಳಗಿನ ಆ ಪಟ್ಟಿಯನ್ನು ಒಮ್ಮೆ ಕೈಯಿಂದ ಜಗ್ಗಿ ನೋಡಿ.