ನಾಳೆ ಬಾ

ಬೆಂಗಳೂರಿನ ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೊರಟ ಪ್ರಯಾಣಿಕನಿಗೆ ಭಯ ಹುಟ್ಟಿಸುವಂಥದು ಯಾವುದೂ ಗೋಚರಿಸದು. ಬಲಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರ, ಮುಂದೆ ಹೆಬ್ಬಾಳದ ಕೆರೆ, ಮೇಲುಸೇತುವೆ, ಅದಕ್ಕೂ ಆಚೆ ಕೆಂಪೇಗೌಡರ ಪೂರ್ವಿಕರು ಆಳಿದ ಯಲಹಂಕ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲಂತೂ ಈ ದಾರಿಗೆ ರಾತ್ರಿಯೆಂಬುದೇ ಇಲ್ಲವಾಯಿತು.

ಆದರೂ ಇದೇ ನಗರ ಒಮ್ಮೆ ಕತ್ತಲಿಗೆ ಅಂಜಿ, ಬಾಗಿಲ ಮೇಲೆ ಎರಡು ಮಾತು ಬರೆದುಕೊಂಡಿದ್ದಿತು. 1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿಯೂ ನಾಡಿನ ಹಳ್ಳಿಗಳಲ್ಲಿಯೂ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಇರುಳಿನಲ್ಲಿ ದೆವ್ವವೊಂದು ಮನೆಯವರ ದನಿಯಲ್ಲೇ ಕೂಗುವುದೆಂದೂ, ಓಗೊಟ್ಟು ಕದ ತೆರೆದವರು ಉಳಿಯರೆಂದೂ ಜನ ಆಡಿಕೊಂಡರು. ಬರಹವನ್ನು ಓದಿ ದೆವ್ವ ಹಿಂದಿರುಗುವುದು. ಮರುದಿನ ಬಂದರೆ ಮತ್ತೆ ಅದೇ ಬರಹ! ಓದುಬಲ್ಲ ದೆವ್ವಕ್ಕೆ ದಿನ ಎಣಿಸಲು ಬಾರದಿದ್ದುದು ಗೃಹಸ್ಥರ ಪುಣ್ಯ.

ಕಥೆ ನಗೆ ತರಿಸುವುದು ನಿಜ. ಆದರೆ ಅದರ ಮುಳ್ಳು ದೆವ್ವದಲ್ಲಿಲ್ಲ, ದನಿಯಲ್ಲಿದೆ. ತಾಯಿಯೋ ಮಗನೋ ಕರೆದಂತಾದಾಗ, ಕರೆದವರು ಅವರೇ ಹೌದೆ ಎಂದು ಸಂಶಯಪಡಬೇಕಾದ ಗಳಿಗೆ ಯಾವ ಕೋರೆದಾಡೆಗಿಂತಲೂ ಘೋರವಾದುದು. ಅಪರಿಚಿತರು ದಿನದಿನವೂ ಬಂದು ನೆಲೆಸುವ ಊರಿನಲ್ಲಿ ಇಂಥ ಕಥೆ ಹಬ್ಬಿದುದು ಆಶ್ಚರ್ಯವಲ್ಲ.

ವಿಚಿತ್ರ ಚಲನಚಿತ್ರಗಳ ಆಕರ್ಷಣೆಯ ಗುಟ್ಟೂ ಇದೇ. 1920ರಲ್ಲಿ ಜರ್ಮನಿಯ ರಾಬರ್ಟ್ ವೀನೆ ‘ಡಾಕ್ಟರ್ ಕ್ಯಾಲಿಗರಿ’ಯ ಚಿತ್ರದಲ್ಲಿ ಗೋಡೆಗಳನ್ನು ಸೊಟ್ಟಗೆ ನಿಲ್ಲಿಸಿ, ನೆರಳುಗಳನ್ನು ಬಣ್ಣದಿಂದ ಬರೆಸಿ, ಸಾಮಾನ್ಯವಾದ ಊರೊಂದನ್ನು ದುಃಸ್ವಪ್ನವಾಗಿಸಿದನು. ಬೆಂಗಳೂರಿನ ಗೃಹಸ್ಥರಿಗೆ ಅಷ್ಟು ಸಲಕರಣೆ ಬೇಕಾಗಲಿಲ್ಲ. ಎರಡು ಮಾತುಗಳಿಂದಲೇ ಪರಿಚಿತವಾದ ಬಾಗಿಲು ಅಪರಿಚಿತವಾಯಿತು. 2018ರ ಹಿಂದಿ ಚಿತ್ರ ‘ಸ್ತ್ರೀ’ ಈ ಪ್ರತೀತಿಯನ್ನೇ ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ಅಲ್ಲಿಯೂ ಗೋಡೆಯ ಬರಹ ಅವಳನ್ನು ನಾಳೆ ಬರಹೇಳುವುದು.

ದೆವ್ವವಿಲ್ಲದೆಯೂ ಈ ಬೆರಗು ಸಾಧ್ಯ. ಪ್ರೇಕ್ಷಕರೇ ಹಣ ಕೂಡಿಸಿದ ಪವನ್ ಕುಮಾರರ ‘ಲೂಸಿಯಾ’ದಲ್ಲಿ (2013) ನಿದ್ರೆ ಬಾರದ ಯುವಕನೊಬ್ಬ ಗುಳಿಗೆ ನುಂಗಿ ಕನಸು ಕಾಣುತ್ತಾನೆ. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಆಸನ ತೋರಿಸುವುದು ಅವನ ಕೆಲಸ. ಒಂದು ಬಾಳು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸೆಂದು ತಿಳಿಯದೆ ನೋಡುವವನೇ ತಡವರಿಸುತ್ತಾನೆ.

ಯಶವಂತಪುರದಲ್ಲಿ ನಡುರಾತ್ರಿಯ ರೈಲಿಳಿದು ಮನೆ ಸೇರಿದವನು ಕದ ತಟ್ಟಿದರೆ, ಒಳಗಿನವರು ಇಂದಿಗೂ ‘ಯಾರು?’ ಎಂದು ಕೇಳದೆ ತೆರೆಯರು. ಮನೆಯಲ್ಲಿ ಅದು ವಿವೇಕ. ಆದರೆ ಕದದಾಚೆ ಇರುವುದೇನೆಂಬ ಕುತೂಹಲ ಮನುಷ್ಯನನ್ನು ಬಿಡದು. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕದವನ್ನು ತೆರೆದು ನೋಡಲು ಇರುವ ಸ್ಥಳ ಒಂದೇ: ದೀಪ ಆರಿದ ಚಿತ್ರಮಂದಿರ.